ದಂತ್ಯಾಕ್ಷರದ ಅಕ್ಕೋರು

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ಅಣ್ಣಿಗೇರಿಯಲ್ಲಿ ಶಾಲೆಗಳು ಹಲವು, ಅಕ್ಕೋರೂ ಹಲವರು. ಆದರೂ ಬಸ್ ಸ್ಟ್ಯಾಂಡಿನಲ್ಲಿ ಇಳಿದು "ಅಕ್ಕೋರ ಮನಿ ಎಲ್ಲೈತ್ರಿ" ಎಂದು ಕೇಳಿದರೆ ಯಾವ ಅಕ್ಕೋರು ಎಂದು ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಚಹಾ ಕುಡಿಯುತ್ತಿದ್ದವರು ಗ್ಲಾಸು ಕೆಳಗಿಟ್ಟು, ನೆಟ್ಟಗೆ ನಿಂತು ದಾರಿ ಹೇಳುತ್ತಿದ್ದರು. ಅವರಲ್ಲಿ ಅರ್ಧ ಜನ ಅಕ್ಕೋರ ಕೈಯಲ್ಲಿ ಕಲಿತವರು, ಉಳಿದವರು ಒಂದಿಲ್ಲೊಂದು ದಿನ ಅವರಿಂದ ತಿದ್ದಿಸಿಕೊಂಡವರು.

ನಾನು ಕಲಘಟಗಿಯಿಂದ ವರ್ಗವಾಗಿ ಅಕ್ಕೋರಿದ್ದ ಹೈಸ್ಕೂಲಿಗೆ ಗಣಿತ ಕಲಿಸಲು ಬಂದಾಗ ಅವರಿಗೆ ಐವತ್ತು ದಾಟಿತ್ತು. ಗಿಡ್ಡ ಆಳು, ಗಟ್ಟಿ ಧ್ವನಿ. ಹಣೆಯ ಮೇಲೆ ವಿಭೂತಿ, ಇಳಕಲ್ ಸೀರೆ, ಬೆರಳಿಗೆ ಯಾವಾಗಲೂ ಮೆತ್ತಿಕೊಂಡಿರುವ ಸೀಮೆಸುಣ್ಣ. ಎಲ್ಲಕ್ಕೂ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಮೇಲಿನ ಸಾಲಿನ ನಡುವಿನ ಎರಡು ದೊಡ್ಡ ಬಿಳಿಯ ಹಲ್ಲು. ಅವರು ಕನ್ನಡ ಕಲಿಸುತ್ತಿದ್ದರು, ಆ ಎರಡು ಹಲ್ಲು ಅವರ ಪಾಠೋಪಕರಣ.

ಎಂಟನೇ ತರಗತಿಗೆ ಹೊಸ ಮಕ್ಕಳು ಬಂದ ದಿನ ಅವರು ಪುಸ್ತಕ ತೆರೆಯುತ್ತಿರಲಿಲ್ಲ, ಬಾಯಿ ತೆರೆಯುತ್ತಿದ್ದರು. ಸೀಮೆಸುಣ್ಣದ ತುದಿಯಿಂದ ತಮ್ಮ ಮುಂದಿನ ಹಲ್ಲುಗಳ ಮೇಲೆ ಟಕ್ ಟಕ್ ಎಂದು ಬಡಿದು ಹೇಳುತ್ತಿದ್ದರು: "ಇಲ್ಲಿ ನೋಡ್ರಿ. ನಾಲಗಿ ಇಲ್ಲಿ ಹತ್ತಬೇಕು. ಹತ್ತಿತೇನು? ಈಗ ಅನ್ರಿ, ತ. ಥ. ದ. ಧ. ನ. ಇವಕ್ಕ ದಂತ್ಯ ಅಂತಾರ. ಹಲ್ಲಿನ್ಯಾಗ ಹುಟ್ಟಿದ ಅಕ್ಷರ. ಹಲ್ಲು ಇಲ್ಲದಾವಗ ಈ ಅಕ್ಷರ ಇಲ್ಲ." ಮಗ್ಗುಲಿನ ಕೋಣೆಯಲ್ಲಿ ನಾನು ಬೀಜಗಣಿತ ಹೇಳುತ್ತಿದ್ದರೆ ಗೋಡೆಯಾಚೆಯಿಂದ ಇಡೀ ತರಗತಿ ತ ಥ ದ ಧ ನ ಎಂದು ಕೂಗುವ ಸಪ್ಪಳ ಬರುತ್ತಿತ್ತು. ನನ್ನ ಹುಡುಗರೂ ಸದ್ದಿಲ್ಲದೆ ನಾಲಗೆ ಆಡಿಸುತ್ತಿದ್ದರು.

ಅವರು ಯಾರನ್ನೂ ಹೊಡೆದದ್ದು ನಾನು ನೋಡಿಲ್ಲ. ತಪ್ಪು ಬರೆದ ಮಗು ಆ ಶಬ್ದವನ್ನು ಮನೆಯಲ್ಲಿ ಅಜ್ಜಿಗೆ ಕಲಿಸಿಕೊಂಡು ಬರಬೇಕು, ಅದೇ ಶಿಕ್ಷೆ. ಮರುದಿನ ಕೆಲವು ಅಜ್ಜಿಯರು ಶಾಲೆಯ ಗೇಟಿಗೇ ಬಂದು ನಿಲ್ಲುತ್ತಿದ್ದರು. "ಅಕ್ಕೋರ, ನಾ ಇನ್ನ ಸಾಯೂ ವಯಸ್ಸಿನ್ಯಾಗ 'ವಿದ್ಯಾರ್ಥಿ' ಅನ್ನೂದು ಕಲತು ಏನ ಮಾಡ್ಲಿ, ನನ್ನ ಬಿಟ್ಟಬಿಡ್ರಿ." ಅಕ್ಕೋರು ಬಿಡುತ್ತಿರಲಿಲ್ಲ. ಅಲ್ಲಿಯೇ ಹೇಳಿಸಿ ಕಳಿಸುತ್ತಿದ್ದರು.

ಒಮ್ಮೆ ನಮ್ಮ ಶಾಲೆಯಿಂದ ನಿವೃತ್ತರಾಗಿದ್ದ ಹಳೆಯ ಹೆಡ್ ಮಾಸ್ತರರೊಬ್ಬರು ತೀರಿಕೊಂಡರು. ಮುಂಜಾನೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಕರಿಹಲಗೆಯ ಮೇಲೆ ಯಾರೋ 'ಶೃದ್ಧಾಂಜಲಿ' ಎಂದು ಬರೆದು ಸುತ್ತಲೂ ಹೂ ಬಿಡಿಸಿದ್ದರು. ಎರಡು ನಿಮಿಷ ಮೌನ. ಎಲ್ಲರೂ ತಲೆ ಬಗ್ಗಿಸಿ ನಿಂತಿದ್ದೇವೆ, ಆ ನಿಶ್ಶಬ್ದದ ನಡುವೆ ಕರಕರ ಸೀಮೆಸುಣ್ಣದ ಸಪ್ಪಳ. ತಲೆ ಎತ್ತಿ ನೋಡಿದರೆ ಅಕ್ಕೋರು 'ಶೃ' ಒರೆಸಿ 'ಶ್ರ' ಬರೆಯುತ್ತಿದ್ದಾರೆ. ಕೈ ಝಾಡಿಸಿಕೊಂಡು ತಮ್ಮ ಜಾಗಕ್ಕೆ ಬಂದು, ಆಗಿನ ಹೆಡ್ ಮಾಸ್ತರರಿಗೆ ಹೇಳಿದರು: "ತಪ್ಪು ಬರದದ್ದು ಅವರಿಗೆ ಮುಟ್ಟೂದಿಲ್ರಿ ಸರ. ಈಗ ಮೊದಲಿಂದ ನಿಂದರೂಣು." ಪಾಪ, ಅವರು ಗಡಿಯಾರ ನೋಡಿ ಮೌನವನ್ನು ಮತ್ತೆ ಮೊದಲಿನಿಂದ ಆರಂಭಿಸಿದರು.

ಇಂಥವರ ಹಲ್ಲು ಮುರಿಯಿತು.

ಶಾಲೆ ಶುರುವಾಗಿ ಕೆಲವೇ ದಿನವಾಗಿತ್ತು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಯಾರೋ ತಂದ, ಇನ್ನೂ ಗಟ್ಟಿಯಿದ್ದ ದೋರಗಾಯಿ ಪೇರಲವನ್ನು ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದೆವು. ಅಕ್ಕೋರು ಒಂದನ್ನು ಕಚ್ಚಿದರು. ಕಚ್ಚಿದವರು ಹಾಗೆಯೇ ಗೋಡೆಯ ಕಡೆ ತಿರುಗಿ, ಏನನ್ನೋ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಸಂಜೆಯವರೆಗೆ ಒಂದು ಮಾತಿಲ್ಲ. ನಾವೆಲ್ಲ ಹೆದರಿದೆವು. ನಮ್ಮ ಯಾರ ಯಾವ ತಪ್ಪಿಗೆ ಈ ಮೌನವೋ ಎಂದು ಒಬ್ಬೊಬ್ಬರೂ ಒಳಗೇ ಹುಡುಕಿಕೊಂಡೆವು.

ಅಕ್ಕೋರ ಮನೆಯೂ ನನ್ನ ಮನೆಯೂ ಒಂದೇ ಓಣಿಯಲ್ಲಿದ್ದವು. ಸಂಜೆ ಮನೆಯ ದಾರಿಯಲ್ಲಿ ಅವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಥರ, ಮುಂಧಿನ ಹಲ್ಲು ಹೋಥು" ಎಂದರು. ನಾನು ಸುಮ್ಮನೆ ರಸ್ತೆಯ ಮೇಲಿನ ಎಮ್ಮೆಯನ್ನು ನೋಡುತ್ತ ನಡೆದೆ. ಅವರ ಮುಖ ನೋಡಿದ್ದರೆ ನಗು ತಡೆಯುವುದು ನನ್ನಿಂದ ಆಗುತ್ತಿರಲಿಲ್ಲ. ಓದುವವರಿಗೆ ತೊಂದರೆ ಬೇಡವೆಂದು ಇನ್ನು ಮುಂದೆ ಅವರ ಮಾತನ್ನು ತಿದ್ದಿಯೇ ಬರೆಯುತ್ತೇನೆ. ಅವರೂ ಅದನ್ನೇ ಬಯಸುತ್ತಿದ್ದರು.

ಅವತ್ತು ಗೊತ್ತಾದ ಸಂಗತಿ ಇದು. ಅವರ ಆ ಪ್ರಸಿದ್ಧ ಹಲ್ಲುಗಳು ಹೊರಗಿನಿಂದ ನೋಡಲು ಮಾತ್ರ ಗಟ್ಟಿ. ನೌಕರಿ ಸೇರಿದ ಹೊಸದರಲ್ಲಿ ಗದಗಿನ ಬಸ್ಸಿನಲ್ಲಿ ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದಾಗ ಮುಂದಿನ ಸೀಟಿನ ಕಬ್ಬಿಣದ ಹಿಡಿಕೆ ಅವರ ಬಾಯಿಗೆ ಬಡಿದಿತ್ತು. ಎರಡೂ ಹಲ್ಲು ಕಪ್ಪಾದವು. ಹುಬ್ಬಳ್ಳಿಯಲ್ಲಿ ಬೇರಿನ ನರ ತೆಗೆಸಿ, ಅಂದರೆ ರೂಟ್ ಕೆನಾಲ್ ಮಾಡಿಸಿ, ಒಳಗೊಂದು ಲೋಹದ ಕಡ್ಡಿ ನಿಲ್ಲಿಸಿ ಮೇಲೆ ಟೋಪಿ ಕೂಡಿಸಿದ್ದರು. ಅಂದು ಇಂಜೆಕ್ಷನ್ ಸರಿಯಾಗಿ ಹತ್ತಿರಲಿಲ್ಲವಂತೆ. "ಆ ಕುರ್ಚಿ ಮ್ಯಾಲೆ ಇನ್ನೊಮ್ಮೆ ಕುಂದ್ರೂದಿಲ್ಲ ಅಂತ ಅವತ್ತ ಹೇಳಿ ಬಂದೀನ್ರಿ" ಎಂದರು. ಈಗ ಒಂದು ಹಲ್ಲು ವಸಡಿನ ಮಟ್ಟಕ್ಕೆ ಮುರಿದಿತ್ತು, ಮಗ್ಗುಲಿನದು ಅಲ್ಲಾಡುತ್ತಿತ್ತು. ಆ ವಾರದಲ್ಲೇ ಅದರ ಟೋಪಿಯೂ ಬಿದ್ದುಹೋಯಿತು.

ಅವರ ಯಜಮಾನರು ಊರಲ್ಲಿ ಕಡಲೆ, ಹೆಸರು ಕಾಳಿನ ವ್ಯಾಪಾರ ಮಾಡುವವರು, ಸಾವಧಾನದ ಮನುಷ್ಯ. "ಹುಬ್ಬಳ್ಳಿಗೆ ಹೋಗೂಣು" ಎಂದರು. ಅಕ್ಕೋರು, "ಸೂಟಿ ಬರ್ಲಿ" ಎಂದರು. "ದಸರಾ ಸೂಟಿನೋ, ಬ್ಯಾಸಗಿ ಸೂಟಿನೋ?" ಎಂದು ಯಜಮಾನರು ಕೇಳುವಷ್ಟರಲ್ಲಿ ಅವರು ಶಾಲೆಗೆ ಹೊರಟಾಗಿತ್ತು. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೇ ಅವರು ಪಾಠ ಮುಂದುವರಿಸಿದರು.

ಒಂದು ದಿನ ಎಂಟನೇ ತರಗತಿಯ ಮುಂದೆ ಹಾದು ಹೋಗುತ್ತಿದ್ದೆ. ಮಕ್ಕಳು ಒಟ್ಟಿಗೆ ಓದುತ್ತಿದ್ದರು: "ಥಂಧೆ, ಥಾಯಿ, ಥಮ್ಮ, ಥಂಗಿ." ಅಣಕವಲ್ಲ. ಅತ್ಯಂತ ಶ್ರದ್ಧೆಯಿಂದ, ನಾಲಗೆಯ ತುದಿಯನ್ನು ಹಲ್ಲಿನಾಚೆ ಇಷ್ಟು ಹೊರಗೆ ಹಾಕಿ, ಓದುತ್ತಿದ್ದರು. ಅಕ್ಕೋರು ಹಲಗೆಯ ಮುಂದೆ ನಿಂತುಬಿಟ್ಟಿದ್ದರು. ಇನ್ನೊಮ್ಮೆ ಓದಿಸಿದರು. ಅದೇ ಬಂತು. ಮುಂದಿನ ಸಾಲಿನ ಹುಡುಗಿಯೊಬ್ಬಳನ್ನು ಎಬ್ಬಿಸಿ ಕೇಳಿದರು: "ಹಿಂಗ ಅನ್ನೂದು ಯಾರು ಕಲಿಸಿದ್ರವ್ವಾ ನಿಮಗ?"

"ನೀವ ರೀ ಅಕ್ಕೋರ," ಎಂದಳು ಹುಡುಗಿ. "ಹಳೇ ಸಾಲ್ಯಾಗ ನಾವು ತಪ್ಪ ಅಂತಿದ್ವಿ."

ಸ್ಟಾಫ್ ರೂಮಿಗೆ ಬಂದವರು ನೀರು ಕುಡಿದು ಗ್ಲಾಸು ಕೆಳಗಿಟ್ಟರು. ಆಮೇಲೆ, "ಸಂಜಿಗೆ ಡಾಕ್ಟರ್ ಕಡೆ ಹೋಗೂಣು, ನೀವೂ ಬರ್ರಿ ಸರ" ಎಂದರು. "ಹುಬ್ಬಳ್ಳಿಗೇನ್ರಿ?" ಎಂದೆ. "ಇಲ್ಲ. ಹುಬ್ಬಳ್ಳಿ ಅಂದ್ರ ಮತ್ತ ರಜಾ ಹಾಕಬೇಕು, ಮತ್ತ ನಾ ಏನರ ನೆವ ತಗೀತೀನಿ. ಇಲ್ಲೇ ಅದಾನಲ್ಲ ನಮ್ಮ ಹುಡುಗ."

ನಮ್ಮ ಹುಡುಗ ಎಂದರೆ ಅವರದೇ ಶಿಷ್ಯ. ಹಲ್ಲಿನ ಡಾಕ್ಟರಾಗಿ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲವು ವರ್ಷ ಕೆಲಸ ಕಲಿತು, ಬಸ್ ಸ್ಟ್ಯಾಂಡ್ ಬಾಜು ಒಂದು ಕಟ್ಟಡದ ಮೇಲಂತಸ್ತಿನಲ್ಲಿ ಹೊಸದಾಗಿ ಕ್ಲಿನಿಕ್ ಹಾಕಿದ್ದ. ಊರಿನವರಿಗೆ ಅವನ ಮೇಲೆ ಇನ್ನೂ ಭರವಸೆ ಬಂದಿರಲಿಲ್ಲ. ಚಿಕ್ಕಂದಿನಲ್ಲಿ ಚಡ್ಡಿ ಜಾರಿಸಿಕೊಂಡು ತಿರುಗಿದವನ ಮುಂದೆ ಬಾಯಿ ತೆರೆಯಲು ಹಿರಿಯರಿಗೆ ಸಂಕೋಚ.

ನಾವು ಹೋದೆವು. ಅಕ್ಕೋರು ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟು ತಲೆ ಎತ್ತಿದರು. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ 'ದಂತ ವೈಧ್ಯರು' ಎಂದು ಬರೆದಿತ್ತು. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದರು.

"ವೈದ್ಯಕ್ಕ ಧ ಬರದಾನ. ಇಂಥಾವ ನನ್ನ ಬಾಯಾಗ ಕೈ ಹಾಕತಾನಂತ. ಈ ಬೋರ್ಡ್ ಇರೂತನಕ ನಾ ಮ್ಯಾಲೆ ಹತ್ತೂದಿಲ್ರಿ."

ಹಾಗೆಂದು ತಿರುಗಿ ಮನೆಯ ಕಡೆ ಹೊರಟರು. ಎಂಥ ನಡಿಗೆ ಅದು. ಅಷ್ಟು ಹಗುರಾಗಿ ಅವರು ನಡೆದದ್ದನ್ನು ನಾನು ಎಂದೂ ನೋಡಿರಲಿಲ್ಲ.

ಊರು ಚಿಕ್ಕದು, ಸುದ್ದಿ ಮೆಟ್ಟಿಲು ಹತ್ತಿತು. ಮರುದಿನ ಮಧ್ಯಾಹ್ನ ನನ್ನ ಮೊಬೈಲಿಗೆ ಒಂದು ಫೋಟೋ ಬಂತು. ಪೇಂಟರ್ ನಿಚ್ಚಣಿಕೆಯ ಮೇಲಿದ್ದ, ಬೋರ್ಡಿನಲ್ಲಿ 'ದಂತ ವೈದ್ಯರು' ಹಸಿಯಾಗಿ ಹೊಳೆಯುತ್ತಿತ್ತು. ಕೆಳಗೆ ಡಾಕ್ಟರ್ ಬರೆದಿದ್ದ: "ಸರ್, ಈಗ ಬರೋಬರಿ ಐತೇನು ಅಕ್ಕೋರಿಗೆ ತೋರಿಸ್ರಿ." ತೋರಿಸಿದೆ. ಅವರು ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ, ವಿಳಾಸ, ವೇಳೆ, ಭಾನುವಾರ ರಜೆ ಎಂಬುದನ್ನೂ ಬಿಡದೆ ಅಕ್ಷರ ಅಕ್ಷರ ಹುಡುಕಿದರು. ಎಲ್ಲಿಯೂ ತಪ್ಪಿರಲಿಲ್ಲ. ಅವರ ಮುಖ ಬಾಡಿತು. "ಬರೋಬರಿ ಐತಿ" ಎಂದು ಸಣ್ಣ ಧ್ವನಿಯಲ್ಲಿ ಹೇಳಿ ಮೊಬೈಲ್ ತಿರುಗಿ ಕೊಟ್ಟರು. ಹಿಂದಿನ ದಿನ ಅವರನ್ನು ಮೆಟ್ಟಿಲಿನಿಂದ ಇಳಿಸಿದ್ದು ವ್ಯಾಕರಣವಲ್ಲ, ಅಂಜಿಕೆ ಎಂದು ನನಗೆ ಆಗ ಹೊಳೆಯಿತು.

ಅಂದು ಸಂಜೆ ಯಜಮಾನರೂ ನಾನೂ ಅವರ ಜೊತೆ ಮೆಟ್ಟಿಲು ಹತ್ತಿದೆವು. ಡಾಕ್ಟರ್ ಎಕ್ಸ್-ರೇ ತೆಗೆದ. ನೋಡಿ, ಸ್ಟೂಲಿನ ಮೇಲೆ ಕೂಡದೆ ನಿಂತುಕೊಂಡೇ ಮಾತಾಡಿದ. ಅಕ್ಕೋರ ಮುಂದೆ ಅವನಿಗೆ ಕೂತು ರೂಢಿಯಿರಲಿಲ್ಲ.

"ಅಕ್ಕೋರ, ಎರಡೂ ತಗೀಬೇಕ್ರಿ. ಒಂದರ ಬೇರು ಉದ್ದಕ್ಕ ಸೀಳೈತಿ, ಇನ್ನೊಂದರ ಬುಡಕ್ಕ ಕೀವು ಆಗೇತಿ. ಆದ್ರ ನರಾ ತಗದು ಭಾಳ ವರ್ಷ ಆದ ಹಲ್ಲು ಒಣಗಿದ ಕಟಗಿ ಇದ್ದಂಗ. ಇಕ್ಕಳ ಹಾಕಿ ಜಗ್ಗಿದ್ರ ಬರೂದಿಲ್ಲ, ಒಳಗ ಮುರೀತೈತಿ. ಅದರ ಮುಂದಿನ ಎಲುಬು ಹಪ್ಪಳದಷ್ಟು ತೆಳ್ಳಗ. ಅದು ಒಡದ್ರ ಮುಂದ ಇಂಪ್ಲಾಂಟ್ ಹಾಕಾಕ ಜಾಗಾನ ಉಳಿಯೂದಿಲ್ಲ. ಅದಕ್ಕ ವಸಡು ಕೊಯ್ದು, ಬೇರು ಸೀಳಿ, ತುಂಡು ಮಾಡಿ, ಒಂದೊಂದ ಬಿಡಿಸಿ ತಗದು..."

"ಒಂದ ವಾಕ್ಯದಾಗ ಇಷ್ಟು ಕ್ರಿಯಾಪದ ಬ್ಯಾಡಪಾ," ಎಂದರು ಅಕ್ಕೋರು. "ಹಳೇ ಕಡ್ಡಿ ಮ್ಯಾಲೆ ಇನ್ನೊಂದು ಟೋಪಿ ಕುಂದರಸಾಕ ಬರೂದಿಲ್ಲೇನು?"

"ಸತ್ತ ಹಲ್ಲು ರೀ ಅಕ್ಕೋರ. ಜೀವ ಇಲ್ಲ ಅದಕ್ಕ."

"ಜೀವ ಇಲ್ಲದ್ದು ಇಷ್ಟು ವರ್ಷ ನನ್ನ ಜೋಡಿ ನಿಂತು ಪಾಠ ಹೇಳೈತಿ. ಜೀವ ಇದ್ದವರು ಅಷ್ಟು ಹೇಳಿಲ್ಲ." ಹೀಗೆನ್ನುವಾಗ ಅವರು ಯಾಕೋ ನನ್ನ ಕಡೆ ನೋಡಿದರು.

ಬೇರು ತೆಗೆದ ಜಾಗದಲ್ಲಿ ಎಲುಬಿನ ಪುಡಿ ತುಂಬಬೇಕು, ಅದು ಗಟ್ಟಿಯಾಗಲು ಕೆಲವು ತಿಂಗಳು ಕಾಯಬೇಕು, ಆಮೇಲೆ ದವಡೆಯಲ್ಲಿ ಇಂಪ್ಲಾಂಟಿನ ಸ್ಕ್ರೂ ಕೂಡಿಸಿ, ಅದು ಎಲುಬಿನಲ್ಲಿ ಬೇರೂರಿದ ಮೇಲೆ ಹೊಸ ಹಲ್ಲು ಎಂದು ಡಾಕ್ಟರ್ ಬಿಡಿಸಿ ಹೇಳಿದ. ಕೊನೆಗೆ ತಲೆ ತಗ್ಗಿಸಿ, "ಹುಬ್ಬಳ್ಳಿಯೊಳಗ ನಮ್ಮ ದೊಡ್ಡ ಸರ್ ಅದಾರ್ರಿ, ಬೇಕಂದ್ರ ಅವರ ಕಡೆ ಕಳಸತೀನಿ" ಎಂದ. ಅವನಿಗೂ ಅಂಜಿಕೆ ಇತ್ತು. ಅಕ್ಕೋರ ಎಲುಬು ಒಡೆದರೆ ಆ ಕ್ಲಿನಿಕ್ಕಿನ ಮೆಟ್ಟಿಲನ್ನು ಅಣ್ಣಿಗೇರಿಯಲ್ಲಿ ಇನ್ನಾರೂ ಹತ್ತುವುದಿಲ್ಲ. ಯಜಮಾನರು ಹೌದೆನ್ನಲು ಬಾಯಿ ತೆರೆದರು.

"ಬ್ಯಾಡ," ಎಂದರು ಅಕ್ಕೋರು. "ಅವರು ತಪ್ಪು ಮಾಡಿದ್ರ ನಾ ಬೈಯಾಕ ಬರೂದಿಲ್ಲ. ನೀನ ಮಾಡು."

ಹಲ್ಲು ತೆಗೆಯುವ ದಿನ ಬಂತು. ಯಜಮಾನರು ಕೆಳಗೆ ಚಹಾದ ಅಂಗಡಿಯಲ್ಲಿ ಕೂತರು, ಮೇಲೆ ಬರಲು ಅವರಿಂದ ಆಗಲಿಲ್ಲ. ನನ್ನನ್ನು ಮಾತ್ರ ಅಕ್ಕೋರು ಒಳಗೆ ಕರೆದರು. ಗೋಡೆಗೆ ಹತ್ತಿ ನಿಂತೆ. ಇಂಜೆಕ್ಷನ್ ಆಯಿತು. ಡಾಕ್ಟರ್ ಸೂಜಿಯ ತುದಿಯಿಂದ ವಸಡು ಮುಟ್ಟಿ, "ತಿಳೀತೈತೇನ್ರಿ?" ಎಂದು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡ. ಕೊಯ್ಯುವ ಸಣ್ಣ ಚೂರಿ ಎತ್ತಿದ. ಅದು ಅವನ ಕೈಯಲ್ಲಿ ಥರಥರ ನಡುಗುತ್ತಿತ್ತು.

ಅಕ್ಕೋರು ಅದನ್ನೇ ನೋಡುತ್ತಿದ್ದರು. ಕೈ ಎತ್ತಿ ತಡೆದರು. ಜೋಮು ಹಿಡಿದ ತುಟಿಯಿಂದ, "ಯಾಕ ನಡಗತೀಯೋ?" ಎಂದು ಕೇಳಿದರು.

"ನೀವು ನೋಡಾಕತ್ತೀರಲ್ರಿ, ಅಕ್ಕೋರ," ಎಂದ ಅವನು. ಮಾಸ್ಕಿನ ಮೇಲೆ ಅವನ ಕಣ್ಣು ತೇವವಾಗಿದ್ದವು. "ಪರೀಕ್ಷಾದಾಗ ನೀವು ಬಾಜು ಬಂದು ನಿಂತ್ರ ನನ್ನ ಕೈ ಓಡತಿರಲಿಲ್ಲ. ಈಗೂ ಹಂಗ ಆಗಾಕತ್ತೈತಿ."

ಅಕ್ಕೋರು ಒಂದು ಗಳಿಗೆ ಮೇಲಿನ ದೀಪ ನೋಡಿದರು. "ಹಂಗಾರ ನಾ ಕಣ್ಣ ಮುಚ್ಚತೀನಿ. ನೀ ಬರಿ," ಎಂದು ಕಣ್ಣು ಮುಚ್ಚಿದರು.

ಊರಲ್ಲಿ ಒಂದು ತಪ್ಪಿಗೂ ಎಂದೂ ಕಣ್ಣು ಮುಚ್ಚದ ಜೀವ ಅದು. ನೋವಿನ ಅಂಜಿಕೆ ಹೊಟ್ಟೆಯಲ್ಲಿಟ್ಟುಕೊಂಡು, ಚೂರಿ ಎತ್ತಿದವನ ಮುಂದೆ, ಅವನಿಗೆ ಧೈರ್ಯ ಬರಲೆಂದು ಕಣ್ಣು ಮುಚ್ಚಿಕೊಂಡು ಮಲಗಿತು. ನಾನು ಅವರನ್ನು ಸರಿಯಾಗಿ ನೋಡಿದ್ದು ಅವತ್ತೇ ಅನ್ನಿಸುತ್ತದೆ.

ಡಾಕ್ಟರ್ ಕೆಲಸ ಶುರು ಮಾಡಿದ. ಬಹುಶಃ ಅವನಿಗೆ ಗೊತ್ತಿಲ್ಲದೆಯೇ ಬಾಯಲ್ಲಿ ಏನೋ ಗುಣುಗುಣು ಎಂದುಕೊಳ್ಳುತ್ತಿದ್ದ. ಕಿವಿಗೊಟ್ಟು ಕೇಳಿದೆ. ವಿಭಕ್ತಿ ಪ್ರತ್ಯಯಗಳು. ಅಕ್ಕೋರ ತರಗತಿಯಲ್ಲಿ ಎದ್ದು ನಿಂತು ಹೇಳಬೇಕಾಗಿದ್ದ ಏಳು ಪ್ರತ್ಯಯ. ವಸಡು ಕೊಯ್ಯುವಾಗ "ಉ", ಅದನ್ನು ಸರಿಸುವಾಗ "ಅನ್ನು", ಡ್ರಿಲ್ ಹಚ್ಚಿ ಬೇರು ಸೀಳುವಾಗ "ಇಂದ", ಒಂದು ತುಂಡನ್ನು ಮೆಲ್ಲಗೆ ಎಬ್ಬಿಸುವಾಗ "ಗೆ". ಮೊದಲನೆಯ ಹಲ್ಲು ಮೂರ್ನಾಲ್ಕು ತುಂಡಾಗಿ ಟ್ರೇಗೆ ಬಿತ್ತು. ಎರಡನೆಯದರಲ್ಲಿ ಬೇರಿನ ತುದಿ ಒಳಗೆ ಉಳಿದುಕೊಂಡಿತು. ಅವನ ಕೈ ನಿಂತಿತು. ಹಣೆಯ ಬೆವರನ್ನು ನರ್ಸ್ ಒರೆಸಿದಳು. "ಗೆ," ಎಂದ. ಮತ್ತೆ "ಗೆ," ಎಂದ. ಮುಂದಿನದು ಬರಲಿಲ್ಲ. ಹುಡುಗನಾಗಿದ್ದಾಗಲೂ ಅವನು ಸಿಕ್ಕಿಬೀಳುತ್ತಿದ್ದದ್ದು ಇಲ್ಲಿಯೇ ಎಂದು ಅಕ್ಕೋರು ಆಮೇಲೆ ಹೇಳಿದರು.

ಆಗ ಕುರ್ಚಿಯಿಂದ, ತೆರೆದ ಬಾಯಿಯೊಳಗಿಂದ, ಹತ್ತಿ ಮತ್ತು ನೀರೆಳೆಯುವ ನಳಿಕೆಯ ನಡುವಿನಿಂದ ಒಂದು ಧ್ವನಿ ಬಂತು: "ಹೆಹೆಯಿಂಹ."

ನರ್ಸ್ ಗಾಬರಿಯಾಗಿ, "ನೋವಾತೇನ್ರಿ?" ಎಂದಳು.

"ಇಲ್ಲ," ಎಂದ ಡಾಕ್ಟರ್. "ದೆಸೆಯಿಂದ ಅಂದ್ರು." ಅವನ ಹೆಗಲು ಸಡಿಲಾಯಿತು. ಮಾಸ್ಕಿನೊಳಗೆ ನಕ್ಕನೆಂದು ಕಾಣುತ್ತದೆ. "ದೆಸೆಯಿಂದ" ಎನ್ನುತ್ತ ತೆಳ್ಳನೆಯ ಸಲಕರಣೆಯನ್ನು ಬೇರಿನ ಮಗ್ಗುಲಿಗೆ ಇಳಿಸಿ, ಎಲುಬನ್ನು ಮುಟ್ಟದೆ ಹಿಂದಿನಿಂದ ಒಂದಿಷ್ಟೇ ಒತ್ತಿದ. ಉಳಿದ ಎರಡು ಪ್ರತ್ಯಯ ಮುಗಿಯುವುದರೊಳಗೆ ಆ ತುದಿಯೂ ಹೊರಗೆ ಬಂತು. ಎಲುಬು ಇದ್ದಂತೆಯೇ ಇತ್ತು.

ಮಾತಾಡಬಾರದೆಂದು ಹೇಳಿ ಬಾಯಿಗೆ ಹತ್ತಿ ಕೊಟ್ಟು ಕಳಿಸಿದರು. ಅಂದು ಇಡೀ ಅಣ್ಣಿಗೇರಿ ಮನಸ್ಸಿಗೆ ಬಂದಂತೆ ತಪ್ಪು ಮಾತಾಡಿಕೊಂಡು ಸುಖವಾಗಿತ್ತು.

ಗಾಯ ಮಾಯುವವರೆಗೆ ಬೇಕಾದಾಗ ತೆಗೆದಿಟ್ಟು ಮತ್ತೆ ಹಾಕಿಕೊಳ್ಳುವ ಹಲ್ಲಿನ ಪಟ್ಟಿ ಕೊಟ್ಟಿದ್ದರು. 'ಧನುಸ್ಸು' ಎನ್ನುವಾಗ ಅದು ಜಾರಿ ಮೇಜಿನ ಮೇಲೆ ಬಿದ್ದ ದಿನ ಅಕ್ಕೋರು ಅದನ್ನು ಡಬ್ಬಿಯಲ್ಲಿಟ್ಟು ಮುಚ್ಚಿದರು. ಹಾಗಾದರೆ ಎಂಟನೇ ತರಗತಿಯ 'ಥಂಧೆ'ಯನ್ನು ತಿದ್ದುವವರು ಯಾರು? ಅವರು ನನ್ನನ್ನು ಹಿಡಿದರು. "ನಿಮ್ಮ ಹಲ್ಲು ಚಲೋ ಅದಾವ ಸರ" ಎಂದರು. ನಾನು ಕಲಘಟಗಿಯ ಕಡೆಯವನು, ನನ್ನ ಮಾತು ಅವರ ಪ್ರಕಾರ ಹೊಲದಲ್ಲಿ ಕೂಗುವುದಕ್ಕಷ್ಟೇ ಯೋಗ್ಯ. ಮೊದಲು ಸ್ಟಾಫ್ ರೂಮಿನಲ್ಲಿ ನನಗೆ ತಾಲೀಮು. ನಾಲಗೆ ಎಲ್ಲಿ ತಾಗಬೇಕೆಂದು ನನ್ನ ಬಾಯಿಯ ಮುಂದೆ ಸೀಮೆಸುಣ್ಣ ಹಿಡಿದು ತೋರಿಸುವರು. ಆಮೇಲೆ ನಾನು ಮಕ್ಕಳ ಮುಂದೆ ನಿಂತು ತ ಥ ದ ಧ ನ ಎನ್ನಬೇಕು, ಅಕ್ಕೋರು ಹಿಂದಿನ ಬೆಂಚಿನಲ್ಲಿ ಕೂತು ಕೇಳಬೇಕು. ತಪ್ಪಿದರೆ ಬೆಂಚನ್ನು ಒಮ್ಮೆ ಕುಟ್ಟುವರು. ಮಕ್ಕಳು ಬೇಗ ಕಲಿತರು. ನನಗೆ ದೀಪಾವಳಿಯವರೆಗೂ ಹಿಡಿಯಿತು.

ಚಳಿಗಾಲದ ಹೊತ್ತಿಗೆ ಸ್ಕ್ರೂ ಕೂತವು, ಬೇಸಿಗೆಗೆ ಹೊಸ ಹಲ್ಲು ಸಿದ್ಧವಾದವು. ಡಾಕ್ಟರ್ ಅವನ್ನು ಕೂಡಿಸಿ, ಕನ್ನಡಿ ಹಿಡಿದು, "ಅಗದಿ ಚಂದ ಕಾಣತಾವ್ರಿ ಅಕ್ಕೋರ" ಎಂದ. ಅವರು ಕನ್ನಡಿ ನೋಡಲೇ ಇಲ್ಲ. ಕಣ್ಣು ಮುಚ್ಚಿ, ನಾಲಗೆಯನ್ನು ಹಲ್ಲಿನ ಹಿಂದೆ ಆಡಿಸಿ, "ನ" ಎಂದರು. ತಲೆ ಅಲ್ಲಾಡಿಸಿದರು. "ದಪ್ಪ ಆಗೇತಿ. ನಾಲಗಿ ಕುಂದರವಲ್ದು." ಅವನು ತೆಗೆದು ಒಂದಿಷ್ಟು ತಿಕ್ಕಿದ. "ನ." ಮತ್ತೆ ತಿಕ್ಕಿದ. ಹೊರಗೆ ಬೆಂಚಿನ ಮೇಲೆ ಕೂತ ರೋಗಿಗಳು ಒಳಗಿನ ಮಾತು ಕೇಳಿ ತಾವೂ ನಾಲಗೆ ಆಡಿಸಿ ನೋಡಿಕೊಳ್ಳತೊಡಗಿದ್ದರು. "ಚಂದ ನನಗ್ಯಾಕಪಾ ಈ ವಯಸ್ಸಿನ್ಯಾಗ. ಅಕ್ಷರ ಹುಟ್ಟಬೇಕು," ಎಂದರು. ಹುಟ್ಟುವವರೆಗೆ ಅವನನ್ನು ಬಿಡಲಿಲ್ಲ.

ಆ ಹಲ್ಲುಗಳಿಂದ ಅವರು ನಿವೃತ್ತಿಯವರೆಗೂ ಪಾಠ ಹೇಳಿದರು, ನಿವೃತ್ತಿಯ ನಂತರ ಓಣಿಗೆಲ್ಲ ಹೇಳಿದರು. ಡಾಕ್ಟರನ ಕ್ಲಿನಿಕ್ಕಿನಲ್ಲಿ ಈಗ ಕೂಡಲು ಜಾಗ ಸಿಗುವುದಿಲ್ಲ.

ಹೋದ ವರ್ಷ ಒಂದು ಮುಂಜಾನೆ ಅವರು ತೀರಿಕೊಂಡ ಸುದ್ದಿ ಬಂತು. ನಿದ್ದೆಯಲ್ಲೇ ಹೃದಯ ನಿಂತಿತ್ತಂತೆ. ನಾನು ಹೋದಾಗ ಮನೆಯ ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂಮಾಲೆ ಹಾಕಿದ್ದರು. ಭಜನೆಯವರು ಒಂದು ಕಡೆ ಕೂತಿದ್ದರು. ಡಾಕ್ಟರ್ ಮೂಲೆಯಲ್ಲಿ ನಿಂತು ಅಳುತ್ತಿದ್ದ. ಅಕ್ಕೋರ ಬಾಯಿ ಒಂದಿಷ್ಟು ತೆರೆದುಕೊಂಡಿತ್ತು. ಮಠದ ಹಿರಿಯರೊಬ್ಬರು ದವಡೆಗೆ ಕಟ್ಟಬೇಕೆಂದು ಬಿಳಿ ಬಟ್ಟೆ ತರಿಸಿ, ಡಾಕ್ಟರನನ್ನೇ ಕರೆದರು. ಅವನು ಕಣ್ಣೊರೆಸಿಕೊಂಡು ಮುಂದೆ ಬಂದು, ಎರಡೂ ಕೈಯಲ್ಲಿ ಅವರ ಗದ್ದ ಹಿಡಿದ.

ಅಷ್ಟು ಹೊತ್ತು ಕಂಬಕ್ಕೆ ಆನಿಕೊಂಡು ಸುಮ್ಮನೆ ಕೂತಿದ್ದ ಯಜಮಾನರು ಕೈ ಎತ್ತಿದರು.

"ಮಣ್ಣಿಗಿ ಒಯ್ಯೂತನಕ ಕಟ್ಟಬ್ಯಾಡ್ರಿ," ಎಂದರು. "ಬಂದವರು ಇನ್ನೂ ಮಾತಾಡಾಕತ್ತಾರ. ಆಕೀಗಿ ಏನರ ತಿದ್ದೂದಿದ್ದೀತು."

ಡಾಕ್ಟರ್ ಬಟ್ಟೆಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಅವರ ಮುಂದೆಯೇ ನೆಲದ ಮೇಲೆ ಕೂತ. ಪಡಸಾಲೆಯಲ್ಲಿ ಮಾತಾಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಸುಮ್ಮನಾದರು.